ಅಂದ್ರಪ್ಪನವರ ಸಹಜ ಭಾಷಣ

ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕೂರುವ ಗುಮಾಸ್ತರಿಗೆ ತಂದೆತಾಯಿ ಇಟ್ಟ ಹೆಸರು ಬೇರೆಯೇ ಇತ್ತು. ಸಂಬಳದ ಚೀಟಿಯಲ್ಲಿ ಅದು ಈಗಲೂ ಇದೆ. ಸಂಬಳದ ಚೀಟಿಯಿಂದ ಆಚೆ, ಇಡೀ ಜಗತ್ತಿಗೆ ಅವರು ಅಂದ್ರಪ್ಪ. ಅವರು ಬಾಯಿ ತೆರೆದರೆ ಮೊದಲು ಬರುವ ಮಾತು ‘ಅಂದ್ರೆ’. ಕೊನೆಗೆ ಬರುವುದೂ ‘ಅಂದ್ರೆ’. ನಡುವೆ ಏನಾದರೂ ಬಂದರೆ ಅದು ಕೇಳುವವರ ಅದೃಷ್ಟ. “ನಮ್ಮ ಬೀದೀಲಿ ನೀರು ಯಾವಾಗ ಬರುತ್ತೆ ಸ್ವಾಮಿ?” ಎಂದು ಕಿಟಕಿಯ ಆಚೆಯಿಂದ ಕೇಳಿದವರಿಗೆ “ಅಂದ್ರೆ, ನಾಳೆ, ಅಂದ್ರೆ…” ಎಂದು ಉತ್ತರ ಸಿಗುತ್ತಿತ್ತು. ಜನ ಅದನ್ನು ತಮಗೆ ಬೇಕಾದಂತೆ ಅರ್ಥ ಮಾಡಿಕೊಂಡು ಮನೆಗೆ ಹೋಗುತ್ತಿದ್ದರು. ಇಲಾಖೆಯ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಉತ್ತರ ಇರಲಿಲ್ಲ. ನಾಳೆ ನೀರು ಬಂದರೆ ಅಂದ್ರಪ್ಪನವರ ಮಾತು ನಿಜವಾಗುತ್ತಿತ್ತು. ಬರದಿದ್ದರೆ ಅವರು ಏನೂ ಹೇಳಿಯೇ ಇರಲಿಲ್ಲ.

ಇಂಥವರ ಪಾಲಿಗೆ ಒಂದು ಭಾಷಣ ಬಂತು.

ಕಚೇರಿಯ ಎಂಜಿನಿಯರ್ ಸಾಹೇಬರು ನಿವೃತ್ತರಾಗುವವರಿದ್ದರು. ಬೀಳ್ಕೊಡುಗೆ ಸಮಾರಂಭಕ್ಕೆ ಕೇಂದ್ರ ಕಚೇರಿಯಿಂದ ನಿರ್ದೇಶಕರೇ ಬರುತ್ತಾರೆಂದು ಗೊತ್ತಾಯಿತು. ಸಿಬ್ಬಂದಿಯ ಪರವಾಗಿ ಇಬ್ಬರು ಮಾತಾಡಬೇಕು. ಒಬ್ಬರು ಕ್ಯಾಷಿಯರ್, ಅದರಲ್ಲಿ ಚರ್ಚೆಯೇ ಇಲ್ಲ. ಕ್ಯಾಷಿಯರ್ ಬಳಿ ಒಂದು ಭಾಷಣ ಇತ್ತು. ಅದು ‘ಕಾಲವೆಂಬುದು ಹರಿಯುವ ನದಿ’ ಎಂದು ಶುರುವಾಗುತ್ತಿತ್ತು. ಅದೊಂದನ್ನೇ ಅವರು ಮದುವೆಯಲ್ಲೂ, ಸಂತಾಪ ಸಭೆಯಲ್ಲೂ, ಹೊಸ ಪಂಪ್‌ಸೆಟ್ಟಿನ ಉದ್ಘಾಟನೆಯಲ್ಲೂ ಮಾಡಿ ಎಲ್ಲ ಕಡೆ ಚಪ್ಪಾಳೆ ಗಿಟ್ಟಿಸಿದ್ದರು. ಸಂತಾಪ ಸಭೆಯಲ್ಲಿ ಮಾತ್ರ ಚಪ್ಪಾಳೆ ಕೊಂಚ ತಗ್ಗಿತ್ತು.

ಎರಡನೆಯವರು ಯಾರು ಎಂದಾಗ ಸಾಹೇಬರೇ, “ಎಲ್ಲರಿಗಿಂತ ಹಳಬ ಅಂದ್ರಪ್ಪ. ಅವನೂ ನಾಲ್ಕು ಮಾತಾಡ್ಲಿ” ಅಂದರು. ಅಷ್ಟೇ ಆಗಿದ್ದರೆ ಅಂದ್ರಪ್ಪ ಆ ದಿನಕ್ಕೆ ಸರಿಯಾಗಿ ಜ್ವರ ಬರಿಸಿಕೊಂಡು ಮಲಗುತ್ತಿದ್ದರು. ಆದರೆ ಸಾಹೇಬರು ಅವರನ್ನು ಕೋಣೆಗೆ ಕರೆದು ಇನ್ನೊಂದು ಮಾತು ಸೇರಿಸಿದರು.

“ಸೂಪರಿಂಟೆಂಡೆಂಟ್ ಕುರ್ಚಿ ಖಾಲಿ ಇದೆ. ನೀನು, ಆ ಕ್ಯಾಷಿಯರ್, ಇಬ್ಬರಲ್ಲಿ ಒಬ್ಬರಿಗೆ ನಾನು ಹೋಗೋ ಮುಂಚೆ ಶಿಫಾರಸು ಬರೀಬೇಕು. ಆ ಕುರ್ಚೀಲಿ ಕೂರೋನಿಗೆ ಬಾಯಿ ಇರಬೇಕಯ್ಯಾ. ನಿರ್ದೇಶಕರ ಮುಂದೆ ನೀನು ನೆಟ್ಟಗೆ ಮಾತಾಡು. ಆಮೇಲೆ ನೋಡೋಣ.”

‘ನೋಡೋಣ’ ಎನ್ನುವುದು ಸಾಹೇಬರ ಖಾಸಾ ಮಾತು. ಅರ್ಜಿ ಬಂದರೂ ನೋಡೋಣ, ಪೈಪ್ ಒಡೆದರೂ ನೋಡೋಣ. ಅವರ ಅಧಿಕಾರದ ಕಾಲದಲ್ಲಿ ಊರಿನಲ್ಲಿ ನೀರಿಗಿಂತ ಹೆಚ್ಚಾಗಿ ಹರಿದದ್ದು ಈ ಮಾತೇ. ಆದರೂ ಅಂದ್ರಪ್ಪನವರ ಮನಸ್ಸು ಆ ಖಾಲಿ ಕುರ್ಚಿಯಲ್ಲಿ ಹೋಗಿ ಕೂತುಬಿಟ್ಟಿತು.

ಮನೆಗೆ ಬಂದು ವಿಷಯ ಹೇಳಲು ಅವರಿಗೆ ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತು ಹಿಡಿಯಿತು. ಅವತ್ತು ಅಕ್ಕನ ಮನೆಗೆ ಬಂದಿದ್ದ ಭಾಮೈದ ಮೊಬೈಲ್ ಅಂಗಡಿ ಇಟ್ಟವನು. ಲೋಕದ ಯಾವ ತೊಂದರೆಗಾದರೂ ಫೋನಿನಲ್ಲಿ ಪರಿಹಾರ ಇದೆ ಎಂದು ನಂಬಿದವನು.

“ಈ ಕಾಲದಲ್ಲಿ ಭಾಷಣಕ್ಕೆ ಯಾರಾದ್ರೂ ಹೆದರ್ತಾರಾ ಭಾವ? ಭಾಷಣ ಕಲಿಸೋಕೆ ಅಂತಲೇ ಎಐ ಇದೆ. ಬರ್ಕೊಡುತ್ತೆ, ತಿದ್ದುತ್ತೆ, ಪಾಠ ಹೇಳುತ್ತೆ. ತನ್ನಿ, ನಿಮ್ಮ ಫೋನಿಗೆ ಹಾಕ್ಕೊಡ್ತೀನಿ.”

“ಅಂದ್ರೆ, ಅದು ಬೈಯುತ್ತಾ?”

“ಯಂತ್ರ ಭಾವ ಅದು. ಬೈಯೋದಿಲ್ಲ.”

“ಬೈದೇ ಇವರಿಗೆ ಏನಾದ್ರೂ ಕಲಿಸೋಕಾಗೋದಾದ್ರೆ ಅದನ್ನ ನಾನೂ ಒಂದ್ಸಲ ನೋಡ್ಬೇಕು” ಎಂದು ಅಡುಗೆಮನೆಯಿಂದ ಹೆಂಡತಿಯ ದನಿ ಬಂತು.

ಎಐ ಮೊದಲು ಕೆಲವು ಪ್ರಶ್ನೆ ಕೇಳಿತು. ಯಾರಿಗೆ ಬೀಳ್ಕೊಡುಗೆ, ಅವರ ಸ್ವಭಾವ ಎಂಥದು, ಮುಂದೆ ಏನು ಮಾಡುತ್ತಾರೆ. ಅಂದ್ರಪ್ಪ ತಿಣುಕಾಡಿ ಹೇಳಿದರು: ನಮ್ಮ ಸಾಹೇಬರು, ನೀರಿನ ಎಂಜಿನಿಯರು, ಯಾವುದಕ್ಕೂ ನೋಡೋಣ ಅನ್ನುವವರು, ಇನ್ನು ಮೇಲೆ ಮನೆಯಲ್ಲೇ ಇರುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಭಾಷಣ ಸಿದ್ಧವಾಯಿತು. ಅಂದ್ರಪ್ಪ ಬೀರುವಿನ ಕನ್ನಡಿಯ ಮುಂದೆ ನಿಂತು ಓದಿದರು.

“ಮಾನ್ಯರೇ, ಸುವರ್ಣಾಕ್ಷರಗಳಲ್ಲಿ ಬರೆದಿಡಬೇಕಾದ ಈ ಸಂಜೆಯಲ್ಲಿ, ಕರ್ತವ್ಯನಿಷ್ಠೆಯ ಮೇರುಶಿಖರವೂ ಜಲಸೇವೆಯ ಧ್ರುವತಾರೆಯೂ ಆದ…”

ಓದು ಮುಗಿದ ಮೇಲೆ ಯಂತ್ರ ಬಹಳ ಮರ್ಯಾದೆಯಿಂದ ಹೇಳಿತು: “ಉಚ್ಚಾರಣೆ ಸುಧಾರಿಸಬಹುದು. ಆದರೆ ಮುಖ್ಯ ತೊಂದರೆ ಬೇರೆ ಇದೆ. ಈ ಭಾಷಣದಲ್ಲಿ ನೀವು ಕಾಣಿಸುತ್ತಿಲ್ಲ.”

ಅಂದ್ರಪ್ಪ ಕನ್ನಡಿ ನೋಡಿಕೊಂಡರು. “ಅಂದ್ರೆ, ಕಾಣಿಸ್ತಿದೀನಲ್ಲ.”

“ನಿಮ್ಮತನ ಕಾಣಿಸುತ್ತಿಲ್ಲ ಎಂದೆ. ಇದು ಯಾರು ಬೇಕಾದರೂ ಮಾಡಬಹುದಾದ ಭಾಷಣ.”

“ಅಂದ್ರೆ, ಬರೆದಿದ್ದು ನೀವೇ ಅಲ್ವಾ?”

“ಹೌದು. ಆದ್ದರಿಂದಲೇ ಹೇಳುತ್ತಿದ್ದೇನೆ.”

ಅಂದ್ರಪ್ಪ ಅಡುಗೆಮನೆಯ ಬಾಗಿಲಿಗೆ ಹೋಗಿ, ನನ್ನತನ ಅಂದ್ರೆ ಏನು ಎಂದು ಹೆಂಡತಿಯನ್ನು ವಿಚಾರಿಸಿದರು. ಆಕೆ ಸೌಟಿನಿಂದಲೇ ಒಳಕೋಣೆಯ ಕಡೆ ತೋರಿಸಿದರು. “ಹಾಸಿಗೆ ಮೇಲೆ ಬಿದ್ದಿದೆ ನೋಡಿ, ಒದ್ದೆ ಟವೆಲ್. ಅದೇ ನಿಮ್ಮತನ.”

ಯಂತ್ರ ಕೊನೆಗೆ ಒಂದು ಉಪಾಯ ಹೇಳಿತು. ವೇದಿಕೆಯ ಮೇಲೆ ಮನುಷ್ಯ ಸಹಜವಾಗಿ ಮಾತಾಡಬೇಕಾದರೆ, ಅವನು ದಿನನಿತ್ಯ ಹೇಗೆ ಮಾತಾಡುತ್ತಾನೋ ಹಾಗೆಯೇ ಭಾಷಣ ಇರಬೇಕು. ನನ್ನನ್ನು ಸಮಾರಂಭದವರೆಗೆ ಜೊತೆಯಲ್ಲೇ ಇಟ್ಟುಕೊಳ್ಳಿ. ಮನೆ, ಬೀದಿ, ಕಚೇರಿ, ಎಲ್ಲಿ ಏನು ಮಾತು ನಡೆದರೂ ಕೇಳಿಸಿಕೊಳ್ಳುತ್ತೇನೆ. ನಿಮ್ಮ ಸಹಜ ದನಿಯನ್ನು ಹಿಡಿದು, ಅದರಲ್ಲೇ ಭಾಷಣ ಕಟ್ಟಿಕೊಡುತ್ತೇನೆ.

ಭಾಮೈದ ಫೋನನ್ನು ಭಾವನ ಅಂಗಿಯ ಜೇಬಿಗೆ ಹಾಕಿದ. ಕ್ಯಾಮೆರಾದ ಕಣ್ಣು ಮಾತ್ರ ಹೊರಗೆ ಇಣುಕುತ್ತಿತ್ತು. “ಇದನ್ನ ಮುಚ್ಚಬೇಡಿ ಭಾವ. ಜನರ ಮುಖ ನೋಡಿದ್ರೆ ಅದಕ್ಕೆ ಮಾತು ಚೆನ್ನಾಗಿ ಅರ್ಥ ಆಗುತ್ತೆ.”

ಮಾರನೆಯ ದಿನ ಅದನ್ನು ಮೊದಲು ಗಮನಿಸಿದವರು ಕ್ಯಾಷಿಯರ್. ಜೇಬಿನಿಂದ ಇಣುಕುತ್ತಿದ್ದ ಕಣ್ಣಿನ ಮುಂದೆ ಬಗ್ಗಿ ನೋಡಿದರು.

“ಏನ್ರೀ ಇದು ಅಂದ್ರಪ್ಪ, ಆನ್ ಆಗಿದೆ?”

“ಅಂದ್ರೆ, ಎಐ. ಕೇಳಿಸ್ಕೊಳ್ತಾ ಇದೆ.”

“ಯಾರ ಮಾತು?”

“ಎಲ್ಲರದೂ. ಯಾವುದು ಸಹಜ ಅಂತ ಹಿಡಿಯುತ್ತೆ. ಆಮೇಲೆ ನಿರ್ದೇಶಕರು ಬಂದ ದಿನ, ಅಂದ್ರೆ, ಅವರ ಮುಂದೆ ಎಲ್ಲಾ… ಅಂದ್ರೆ…”

ಇನ್ನೊಂದು ಪದ ಬಂದಿದ್ದರೆ ವಿಷಯ ತಿಳಿಯಾಗುತ್ತಿತ್ತು. ಅದು ‘ಭಾಷಣ’ ಎಂಬ ಪದ. ಆ ಪದ ಅಂದ್ರಪ್ಪನವರ ಗಂಟಲಲ್ಲೇ ಉಳಿಯಿತು. ಅದು ಹೊರಬರುವವರೆಗೆ ಕಾಯಲು ಕ್ಯಾಷಿಯರ್ ಅಲ್ಲಿರಲಿಲ್ಲ. ಅವರು ಆಗಲೇ ಟೈಪಿಸ್ಟ್ ಮೇಡಂ ಮೇಜಿನ ಹತ್ತಿರ ನಿಂತು ಪಿಸುಗುಟ್ಟುತ್ತಿದ್ದರು.

“ಕೇಂದ್ರ ಕಚೇರಿಯವರು ಅಂದ್ರಪ್ಪನ ಜೇಬಿಗೆ ಎಐ ಹಾಕಿ ಕಳಿಸಿದಾರೆ. ಯಾರು ಅಸಲಿ, ಯಾರು ನಕಲಿ ಅಂತ ಮಾತಿನಲ್ಲೇ ಹಿಡಿಯುತ್ತಂತೆ. ನಿರ್ದೇಶಕರು ಬಂದಾಗ ವರದಿ ಒಪ್ಪಿಸ್ತಾರಂತೆ.”

“ಅಂದ್ರಪ್ಪನವರನ್ನೇ ಯಾಕೆ ಆರಿಸಿದ್ರು?”

“ಇನ್ಯಾರನ್ನ ಆರಿಸ್ತಾರೆ? ಅವರು ಮಾತಾಡಲ್ವಲ್ಲ. ನಾವು ಮಾತಾಡಿದ್ದು ಸ್ವಚ್ಛವಾಗಿ ಕೇಳಿಸುತ್ತೆ.”

ಈ ತರ್ಕದಲ್ಲಿ ಯಾರಿಗೂ ಲೋಪ ಕಾಣಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಇಡೀ ಕಚೇರಿ ಪುಸ್ತಕದಲ್ಲಿ ಅಚ್ಚಾದ ಕನ್ನಡ ಮಾತಾಡತೊಡಗಿತು. “ಫ್ಯಾನ್ ಹಾಕ್ರೀ” ಎನ್ನುತ್ತಿದ್ದ ಟೈಪಿಸ್ಟ್ ಮೇಡಂ, “ಸಹೋದ್ಯೋಗಿಗಳೇ, ದಯವಿಟ್ಟು ಪಂಖವನ್ನು ಚಾಲನೆಗೊಳಿಸುವಿರಾ?” ಎಂದರು. ಪಂಖ ಎಂದರೆ ಯಾವುದು ಎಂದು ತಿಳಿಯದೆ ಜವಾನ ಕಿಟಕಿ ತೆಗೆದ. ಊಟದ ಡಬ್ಬಿಯ ಸುತ್ತ ಕೂತು ಸಾಹೇಬರನ್ನು ಆಡಿಕೊಳ್ಳುವ ನಿತ್ಯದ ಕಾರ್ಯಕ್ರಮ ರದ್ದಾಗಿ, ಎಲ್ಲರೂ ಸರದಿಯಂತೆ ಸಾಹೇಬರ ಗುಣಗಾನ ಮಾಡಿದರು. ಕೆಲವರಿಗೆ ಆ ಊಟ ಜೀರ್ಣವಾಗಲಿಲ್ಲ.

ಅತಿ ಹೆಚ್ಚು ಗಾಬರಿಯಾದದ್ದು ದೂರು ಕೊಡಲು ಬಂದ ಜನಕ್ಕೆ. ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದು ಜಗಳಕ್ಕೇ ತಯಾರಾಗಿ ಬಂದ ಒಬ್ಬ ದರ್ಜಿಯನ್ನು ಕ್ಯಾಷಿಯರ್ ಎದ್ದು ನಿಂತು ಬರಮಾಡಿಕೊಂಡರು.

“ತಮ್ಮ ನಲ್ಲಿಯಲ್ಲಿ ನೀರು ಬಾರದಿರುವುದು ತಮ್ಮೊಬ್ಬರ ನೋವಲ್ಲ. ಅದು ನಮ್ಮೆಲ್ಲರ ನೋವು. ಈ ದುಃಖದಲ್ಲಿ ಇಲಾಖೆ ತಮ್ಮೊಂದಿಗಿದೆ.”

ದರ್ಜಿ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಬಂದು, ದನಿ ತಗ್ಗಿಸಿ ಕೇಳಿದ. “ಯಾರು ಹೋಗಿದ್ದು ಸಾರ್?”

ಎರಡು ಸಲ ಬಾಯಿ ತೆರೆದು ನಿಜ ಹೇಳಲು ನೋಡಿದರು ಅಂದ್ರಪ್ಪ. ಅವರು “ಅಂದ್ರೆ” ಎನ್ನುವುದೇ ತಡ, ಎದುರಿಗಿದ್ದವರು ಕೈ ಅಡ್ಡ ಹಿಡಿದು, “ತಾವು ಶ್ರಮ ಪಡಬಾರದು, ನಮಗೆಲ್ಲ ಅರ್ಥವಾಗಿದೆ” ಎನ್ನುತ್ತಿದ್ದರು. ಹೀಗೆ ಅವರ ಇದ್ದಬದ್ದ ಮಾತೂ ನಿಂತಿತು.

ಸುದ್ದಿ ಸಾಹೇಬರ ಕೋಣೆ ತಲುಪಿದಾಗ ಅಂದ್ರಪ್ಪನವರಿಗೆ ಕರೆ ಬಂತು. ಇಷ್ಟು ವರ್ಷ ಆ ಕೋಣೆಯಲ್ಲಿ ಅವರು ನಿಂತೇ ಇದ್ದವರು. ಈಗ ಸಾಹೇಬರು ಸ್ವತಃ ಎದ್ದು ಕುರ್ಚಿ ಎಳೆದುಕೊಟ್ಟರು.

“ಕೂತ್ಕೊಳ್ಳಿ. ನೀವು ಕೂತ್ಕೊಳ್ಳಿ.”

‘ನೀವು’ ಎಂದದ್ದು ತನಗೋ ಜೇಬಿಗೋ ತಿಳಿಯದೆ ಅಂದ್ರಪ್ಪ ಅರ್ಧ ಕೂತರು. ಸಾಹೇಬರು ಮೇಜು ಸುತ್ತಿ ಬಂದು, ಅವರ ಎದೆಯ ಮಟ್ಟಕ್ಕೆ ಬಗ್ಗಿ, ಜೇಬಿಗೆ ಕೇಳುವಂತೆ ನಿಧಾನವಾಗಿ ಹೇಳಿದರು: “ನಾನು ಈ ಕಚೇರಿಯನ್ನು ನನ್ನ ಸ್ವಂತ ಮನೆಯೆಂದೇ ಭಾವಿಸಿದ್ದೇನೆ. ಪೂರ್ವ ಭಾಗದ ಮುಖ್ಯ ಪೈಪಿನ ವಿಷಯದಲ್ಲಿ ಆದ ವಿಳಂಬವು ಆಳವಾದ ಚಿಂತನೆಯಿಂದ ಆದ ವಿಳಂಬವೇ ಹೊರತು ಬೇರೆಯಲ್ಲ.”

ಅದೇ ಹೊತ್ತಿಗೆ ಚಹಾ ತಂದ ಜವಾನ, ಸಾಹೇಬರು ಗುಮಾಸ್ತರ ಎದೆಗೆ ಕಿವಿಯಿಟ್ಟಂತೆ ಬಗ್ಗಿರುವುದನ್ನು ಕಂಡು, ಅಂದ್ರಪ್ಪನವರಿಗೆ ಎದೆನೋವು ಬಂದಿದೆ ಎಂದು ಹೊರಗೆ ಹೇಳಿದ. ಐದೇ ನಿಮಿಷದಲ್ಲಿ ಬಾಗಿಲಿಗೆ ಆಂಬುಲೆನ್ಸ್ ಬಂತು. ಪೂರ್ವ ಭಾಗಕ್ಕೆ ಒಂದು ಪೈಪು ಬರಲು ಹಿಡಿದ ಕಾಲವನ್ನು ನೆನೆದರೆ ಇದು ದಾಖಲೆ. ಬಂದವರನ್ನು ಖಾಲಿ ಕಳಿಸಬಾರದೆಂದು ಸಾಹೇಬರು ತಮ್ಮ ರಕ್ತದೊತ್ತಡ ನೋಡಿಸಿಕೊಂಡರು. ಅದು ನಿಜವಾಗಿಯೂ ಏರಿತ್ತು.

ಬೀದಿಯಲ್ಲೂ ಹೀಗೆಯೇ ಆಯಿತು. ಕೆಳಗೆ ವಾಸವಿದ್ದ ಮನೆ ಮಾಲೀಕರು ಮೆಟ್ಟಿಲ ದೀಪ ಹಾಕಿಸುತ್ತೇನೆಂದು ಹೇಳುತ್ತಲೇ ಬಂದಿದ್ದವರು. ಅಂದ್ರಪ್ಪನವರ ಜೇಬಿನಲ್ಲಿ ಸರ್ಕಾರವೇ ಕೂತಿದೆ ಎಂದು ಯಾರೋ ಹೇಳಿದ್ದೇ, ಅವತ್ತು ಸಂಜೆಯೇ ಏಣಿ ಹತ್ತಿ ತಾವೇ ದೀಪ ಹಾಕಿದರು. ಅಂದ್ರಪ್ಪ ಬರುವವರೆಗೂ ಏಣಿಯ ಮೇಲೇ ಕಾದಿದ್ದು, “ಬಾಡಿಗೆದಾರರು ನನಗೆ ಒಡಹುಟ್ಟಿದವರಿದ್ದಂತೆ” ಎಂದು ಜೇಬಿಗೆ ಕೈಮುಗಿದು ಇಳಿದರು.

ಈ ಎಲ್ಲ ಗದ್ದಲದ ನಡುವೆ ಒಬ್ಬರ ಮಾತು ಮಾತ್ರ ಒಂದಿಷ್ಟೂ ಬದಲಾಗಲಿಲ್ಲ. ಮನೆಯ ಮಾಲೀಕರೇ ಮೇಲೆ ಬಂದು ಅಂದ್ರಪ್ಪನವರ ಹೆಂಡತಿಗೆ ಎಚ್ಚರಿಕೆ ಕೊಟ್ಟಿದ್ದರು. “ನೋಡಿ ಮಾತಾಡಿಯಮ್ಮ. ಅದು ಎಲ್ಲಾ ಕೇಳಿಸ್ಕೊಳ್ಳುತ್ತಂತೆ.”

“ಒಳ್ಳೇದೇ ಆಯ್ತು ಬಿಡಿ” ಅಂದರು ಆಕೆ. “ಈ ಮನೇಲಿ ನನ್ನ ಮಾತು ಕೇಳಿಸ್ಕೊಳ್ಳೋರು ಒಬ್ಬರಾದ್ರೂ ಬಂದ್ರಲ್ಲ.”

ಹಾಗೆ ಹೇಳಿ ಎಂದಿನಂತೆ ಮುಂದುವರಿದರು. ಟವೆಲ್ಲಿನ ಬಗ್ಗೆ ಬೆಳಿಗ್ಗೆ, ಆರಿಸದ ದೀಪದ ಬಗ್ಗೆ ಸಂಜೆ, ತೊಟ್ಟಿಕ್ಕುವ ಬಚ್ಚಲ ನಲ್ಲಿಯ ಬಗ್ಗೆ ನೆನಪಾದಾಗಲೆಲ್ಲ. ಅಂದ್ರಪ್ಪ “ಅಂದ್ರೆ” ಎನ್ನುತ್ತಿದ್ದರು. ಆಕೆ “ಏನು ಅಂದ್ರೆ? ಮುಂದೆ ಹೇಳಿ” ಎನ್ನುತ್ತಿದ್ದರು. ಮುಂದೆ ಏನೂ ಇರುತ್ತಿರಲಿಲ್ಲ. “ಅಕ್ಕಾ, ಭಾವನಿಗೂ ಸ್ವಲ್ಪ ಮಾತಾಡೋಕೆ ಬಿಡೇ, ಎಐ ಕಲೀಬೇಕಲ್ಲ” ಎಂದು ತಮ್ಮ ಬೇಡಿಕೊಂಡ. “ನಾನೇನು ಅವರ ಬಾಯಿಗೆ ಬೀಗ ಹಾಕಿದೀನಾ?” ಎಂದು ಆಕೆ ಆ ವಿಷಯದ ಮೇಲೂ ಸಾಕಷ್ಟು ಮಾತಾಡಿದರು.

ಸಮಾರಂಭದ ಹಿಂದಿನ ಸಂಜೆ ಯಂತ್ರ ತಾನಾಗಿಯೇ ಬಾಯಿಬಿಟ್ಟಿತು.

“ಸಾಕಷ್ಟು ಕೇಳಿಸಿಕೊಂಡಿದ್ದೇನೆ. ಕಚೇರಿಯಲ್ಲಿ ಮತ್ತು ಬೀದಿಯಲ್ಲಿ ಕೇಳಿದ್ದೆಲ್ಲ ಕೃತಕವಾಗಿತ್ತು, ಅದನ್ನು ಬಿಟ್ಟಿದ್ದೇನೆ. ಆದರೆ ನಿಮ್ಮ ಮನೆಯಲ್ಲಿ ನಿಮ್ಮ ಸಹಜ ದನಿ ಸ್ಪಷ್ಟವಾಗಿ ಸಿಕ್ಕಿದೆ. ಎಂಥ ದನಿ. ಇಷ್ಟು ನೇರವಾಗಿ, ಇಷ್ಟು ನಿರರ್ಗಳವಾಗಿ ಮಾತಾಡುವವರು ಅಪರೂಪ. ನಿಮಗೆ ನನ್ನ ಸಹಾಯ ಬೇಕಾಗಿಯೇ ಇರಲಿಲ್ಲ.”

ತಮ್ಮ ಬಗ್ಗೆ ಇಂಥ ಮಾತು ಅಂದ್ರಪ್ಪ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನೆಟ್ಟಗೆ ಕೂತು ಅಂಗಿ ಸರಿಮಾಡಿಕೊಂಡರು.

“ಒಂದು ಅಡಚಣೆ ಇತ್ತು” ಎಂದು ಯಂತ್ರ ಮುಂದುವರಿಸಿತು. “ಹಿನ್ನೆಲೆಯಲ್ಲಿ ಯಾರೋ ಒಬ್ಬರು ಆಗಾಗ ‘ಅಂದ್ರೆ, ಅಂದ್ರೆ’ ಎನ್ನುತ್ತಿದ್ದರು. ಆ ಸದ್ದನ್ನು ತೆಗೆದುಹಾಕಿದ್ದೇನೆ.”

“ಒಳ್ಳೇ ಕೆಲಸ ಮಾಡಿದ್ರಿ” ಅಂದರು ಅಂದ್ರಪ್ಪ. ಅದು ಯಾರಿರಬಹುದು ಎಂದು ಸ್ವಲ್ಪ ಹೊತ್ತು ಯೋಚಿಸಿ, ಮನೆ ಮಾಲೀಕರ ಮೇಲೆ ಸಂಶಯಪಟ್ಟರು.

ಭಾಷಣವನ್ನು ಮುಂಚೆ ಓದಬೇಡಿ, ಓದಿದರೆ ಸಹಜತೆ ಕೆಡುತ್ತದೆ ಎಂದು ಯಂತ್ರ ಹೇಳಿತು. ಕಿವಿಯಲ್ಲಿ ಒಂದೊಂದೇ ಸಾಲು ಹೇಳುತ್ತೇನೆ, ನೀವು ಅದೇ ರಾಗದಲ್ಲಿ ಹೇಳುತ್ತ ಹೋಗಿ. ಭಾಮೈದ ತನ್ನ ಅಂಗಡಿಯಿಂದ ಕಡಲೆಕಾಳಿನಷ್ಟು ಚಿಕ್ಕ ಇಯರ್‌ಫೋನ್ ತಂದುಕೊಟ್ಟ.

ಸಮಾರಂಭದ ದಿನ ಕಚೇರಿಯ ಸಭಾಂಗಣ ತುಂಬಿತ್ತು. ಸಿಬ್ಬಂದಿಯ ಮನೆಯವರನ್ನೂ ಕರೆದಿದ್ದರು. ಮುಂದಿನ ಸಾಲಿನಲ್ಲಿ ಸಾಹೇಬರ ಹೆಂಡತಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಕಾಯುವವರಂತೆ ಕೂತಿದ್ದರು. ಮೂರನೆಯ ಸಾಲಿನಲ್ಲಿ ಅಂದ್ರಪ್ಪನವರ ಹೆಂಡತಿ, ಪಕ್ಕದಲ್ಲಿ ಭಾಮೈದ. ವೇದಿಕೆಯ ಮೇಲೆ ನಿರ್ದೇಶಕರು ಮತ್ತು ಸಾಹೇಬರು.

ಕ್ಯಾಷಿಯರ್ ‘ಕಾಲವೆಂಬುದು ಹರಿಯುವ ನದಿ’ ಎಂದು ಶುರುಮಾಡಿದರು. ಸಭೆಯ ಕಡೆ ನೋಡುವ ಬದಲು ಅವರು ಉದ್ದಕ್ಕೂ ಅಂದ್ರಪ್ಪನವರ ಜೇಬನ್ನೇ ನೋಡುತ್ತಿದ್ದುದರಿಂದ ನದಿ ಎರಡು ಕಡೆ ದಡ ಬಿಟ್ಟು ಹರಿದು, ಕೊನೆಗೆ ವಧೂವರರಿಗೆ ಶುಭಾಶಯ ಕೋರಿ ನಿಂತಿತು.

ಆಮೇಲೆ ಅಂದ್ರಪ್ಪನವರನ್ನು ಕರೆದರು. ವರದಿ ಈಗ ಹೊರಬೀಳುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಅಂದ್ರಪ್ಪ ಮೈಕಿನ ಮುಂದೆ ನಿಂತರು. ಕಿವಿಯಲ್ಲಿ ಮೊದಲ ಸಾಲು ಬಂತು. ಅದರ ರಾಗವನ್ನೂ ಬಿಡದೆ ಅವರು ಹೇಳಿದರು:

“ಏನ್ರೀ.”

ಸಾಹೇಬರು ಬೆಚ್ಚಿ ಹಿಂದೆ ತಿರುಗಿದರು. ಹಿಂದೆ ಗೋಡೆ ಇತ್ತು.

“ಇಲ್ಲಿ ನೋಡಿ. ನಿಮಗೇ ಹೇಳ್ತಿರೋದು. ಇನ್ಮೇಲೆ ಮನೇಲೇ ಇರ್ತೀರಂತೆ. ಇರಿ, ಬೇಡ ಅಂದೋರು ಯಾರು. ಆದ್ರೆ ಒದ್ದೆ ಟವೆಲ್ ತಂದು ಹಾಸಿಗೆ ಮೇಲೆ ಎಸೆದ್ರೆ ಮಾತ್ರ ನಾನು ಸುಮ್ನಿರೋಳಲ್ಲ.”

ಸುಮ್ನಿರೋಳಲ್ಲ. ಮೀಸೆ ಹೊತ್ತ ಮುಖದಿಂದ ಬಂದ ಆ ಪದ ಸಭಾಂಗಣದ ನಾಲ್ಕೂ ಗೋಡೆಗೆ ತಾಗಿ ವಾಪಸು ಬಂತು. ನಿರ್ದೇಶಕರು ಆಮಂತ್ರಣ ಪತ್ರಿಕೆ ತೆಗೆದು ಮಾತಾಡುತ್ತಿರುವವರು ಯಾರೆಂದು ನೋಡಿಕೊಂಡರು. ಮೂರನೆಯ ಸಾಲಿನಲ್ಲಿ ಅಂದ್ರಪ್ಪನವರ ಹೆಂಡತಿ ತಮ್ಮನ ತೋಳು ಹಿಡಿದರು. ತಮ್ಮ ಕುರ್ಚಿಯ ಕೆಳಗೆ ಏನೋ ಬಿದ್ದಂತೆ ಬಗ್ಗಿದ.

ಅಂದ್ರಪ್ಪನವರಿಗೂ ಈಗ ಆ ದನಿಯ ಗುರುತು ಸಿಕ್ಕಿತ್ತು. ನಿಲ್ಲಿಸಬಹುದಿತ್ತು. ಆದರೆ ಅವರ ಜನ್ಮದಲ್ಲಿ ಮೊದಲ ಬಾರಿಗೆ ಒಂದು ವಾಕ್ಯದ ಹಿಂದೆ ಇನ್ನೊಂದು ವಾಕ್ಯ ತಾನಾಗಿ ಬರುತ್ತಿತ್ತು. ಗಾಡಿ ಇಳಿಜಾರಿನಲ್ಲಿತ್ತು, ಬ್ರೇಕು ಎಲ್ಲಿದೆ ಎಂದು ಅವರಿಗೆ ಯಾರೂ ಕಲಿಸಿರಲಿಲ್ಲ.

“ಊರಿಗೆಲ್ಲ ನೀರು ಕೊಡೋರು ನೀವು. ಮನೇಲಿ ನಲ್ಲಿ ತೊಟ್ಟಿಕ್ಕೋದು ಕಿವಿಗೆ ಬೀಳಲ್ವಾ? ಕೇಳಿದ್ರೆ ನೋಡೋಣ ಅಂತೀರಿ. ಎಷ್ಟು ವರ್ಷದಿಂದ ನೋಡ್ತಿದೀರಿ? ಏನಾದ್ರೂ ಕಾಣಿಸ್ತಾ?”

ಹಿಂದಿನ ಸಾಲಿನಿಂದ ಒಂದು ನಗು ಸಿಡಿಯಿತು. ಅದು ಟೈಪಿಸ್ಟ್ ಮೇಡಂದು. ಮುಂದಿನ ಸಾಲಿನಲ್ಲಿ ಸಾಹೇಬರ ಹೆಂಡತಿ ಕೈಚೀಲ ಪಕ್ಕಕ್ಕಿಟ್ಟು ನೆಟ್ಟಗೆ ಕೂತರು. “ಕೇಳಿ, ಚೆನ್ನಾಗಿ ಕೇಳಿಸ್ಕೊಳ್ಳಿ” ಎಂದು ವೇದಿಕೆಯ ಕಡೆ ಹೇಳಿದರು.

“ಕನ್ನಡಕ ತಲೆ ಮೇಲೇ ಇಟ್ಕೊಂಡು ಮನೆಯೆಲ್ಲ ಹುಡುಕಿಸ್ತೀರಿ.”

ಸಾಹೇಬರ ಕೈ ತಲೆಗೆ ಹೋಯಿತು. ಕನ್ನಡಕ ಅಲ್ಲೇ ಇತ್ತು. ಸಭಾಂಗಣದಲ್ಲಿ ಇನ್ನೂ ಹತ್ತಾರು ಗಂಡಸರ ಕೈ ತಂತಮ್ಮ ತಲೆಗೆ ಹೋದವು.

“ಹೂಂ ಹೂಂ ಅಂತ ತಲೆ ಆಡಿಸ್ಬೇಡಿ. ಆಯ್ತು ಅನ್ನಿ.”

“ಆಯ್ತು” ಅಂದರು ಸಾಹೇಬರು. ಅವರೊಬ್ಬರೇ ಅಲ್ಲ. ಸಭಾಂಗಣದಲ್ಲಿದ್ದ ಗಂಡಂದಿರೆಲ್ಲ ಒಂದೇ ದನಿಯಲ್ಲಿ ಆಯ್ತು ಅಂದರು. ನಿರ್ದೇಶಕರೂ ಅಂದರು. ಅಂದ ಮೇಲೆ ಕೆಮ್ಮಿದರು.

ನಗು ಇಳಿಯುವವರೆಗೆ ಯಂತ್ರ ಕಾಯಿತು. ಆಮೇಲೆ ದನಿ ತಗ್ಗಿಸಿ ಕೊನೆಯ ಸಾಲುಗಳನ್ನು ಹೇಳಿತು. ಅಂದ್ರಪ್ಪನವರ ದನಿಯೂ ತಾನಾಗಿ ತಗ್ಗಿತು.

“ಮಾತ್ರೆ ಹೊತ್ತಿಗೆ ಸರಿಯಾಗಿ ತಗೊಳ್ಳಿ. ಎಲ್ಲಾದ್ರೂ ನೋವಾದ್ರೆ ಮುಚ್ಚಿಡಬೇಡಿ, ಹೇಳಿ. ನನಗೆ ಬೈಯೋದು ಬಿಟ್ರೆ ಬೇರೆ ಏನೂ ಬರಲ್ಲ ಅಂದ್ಕೊಂಡಿದೀರಿ. ನಿಮಗೆ ಏನಾದ್ರೂ ಆದ್ರೆ… ಆಮೇಲೆ ನಾನು ಯಾರನ್ನ ಬೈಕೊಂಡು ಇರ್ಲಿ?”

ಕಿವಿಯಲ್ಲಿ ಯಂತ್ರ ‘ಮುಗಿಯಿತು’ ಎಂದಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಾಹೇಬರು ತಲೆಯ ಮೇಲಿಂದ ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸಬೇಕಾಗಿದ್ದದ್ದು ಕನ್ನಡಕವಲ್ಲ. ಮುಂದಿನ ಸಾಲಿನಲ್ಲಿ ಅವರ ಹೆಂಡತಿ ಎದ್ದು ನಿಂತು ಒಬ್ಬರೇ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ಎದ್ದರು.

ನಿರ್ದೇಶಕರು ಬಂದು ಅಂದ್ರಪ್ಪನವರ ಕೈ ಹಿಡಿದರು. “ಇಷ್ಟು ವರ್ಷದಲ್ಲಿ ನಾನು ಕೇಳಿದ ಮೊದಲ ನಿಜವಾದ ಭಾಷಣ ಇದು. ಎಷ್ಟು ಸಹಜವಾಗಿ ಮಾತಾಡ್ತೀರ್ರೀ ನೀವು. ಕೇಂದ್ರ ಕಚೇರಿಗೆ ಬಂದು ನಮ್ಮ ಎಂಜಿನಿಯರುಗಳಿಗೆಲ್ಲ ಹೀಗೇ ಒಂದು ಸಲ ಹೇಳ್ಬೇಕು.”

ಮೈಕು ಇನ್ನೂ ಚಾಲೂ ಇತ್ತು. ಅಂದ್ರಪ್ಪ ಕಿವಿಯಿಂದ ಇಯರ್‌ಫೋನ್ ಕಿತ್ತು ಜೇಬಿಗೆ ಹಾಕಿಕೊಂಡರು. ಒಮ್ಮೆ ಮೂರನೆಯ ಸಾಲಿನ ಕಡೆ ನೋಡಿದರು. ಅಲ್ಲಿ ಆಕೆ ತಲೆ ತಗ್ಗಿಸಿ ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

“ಈ ಮಾತು ನನ್ನದಲ್ಲ ಸಾರ್” ಅಂದರು ಅಂದ್ರಪ್ಪ. “ನಮ್ಮ ಮನೆಯವಳದು. ಎಐ ನನ್ನ ದನಿ ಹುಡುಕೋಕೆ ಅಂತ ಜೇಬಿನಲ್ಲಿ ಕೂತಿತ್ತು. ಅದಕ್ಕೆ ಸಿಕ್ಕಿದ್ದು ಇವಳದು.”

ಇಷ್ಟನ್ನೂ ಅವರು ಒಂದೇ ಒಂದು ಅಂದ್ರೆ ಇಲ್ಲದೆ ಹೇಳಿದ್ದನ್ನು ಆ ಗದ್ದಲದಲ್ಲಿ ಯಾರೂ ಗಮನಿಸಲಿಲ್ಲ. ಗಮನ ಹೋದದ್ದು ಬೇರೆ ಕಡೆ. ಕ್ಯಾಷಿಯರ್ ಎರಡು ಕುರ್ಚಿ ದಾಟಿಕೊಂಡು ಮುಂದೆ ಬಂದರು.

“ಹಾಗಾದ್ರೆ ವರದಿ?”

“ಯಾವ ವರದಿ?”

“ಅಯ್ಯೋ ನಿನ್ನ. ಇದಕ್ಕೋಸ್ಕರ ಆ ದರ್ಜಿಗೆ ನಾನು ಎದ್ದು ನಿಂತು ಸಂತಾಪ ಹೇಳಿದೆನಲ್ಲಯ್ಯಾ.”

ಅಷ್ಟು ದಿನಗಳಲ್ಲಿ ಆ ಕಚೇರಿಯಲ್ಲಿ ಯಾರಾದರೂ ಸಹಜವಾಗಿ ಆಡಿದ ಮೊದಲ ಮಾತು ಅದೇ. ಅದರ ಹಿಂದೆಯೇ ಎಲ್ಲರ ಕಟ್ಟೆಯೂ ಒಡೆದು, ಸಭಾಂಗಣದ ತುಂಬ ಒಂದೇ ಸಮನೆ ಹಳೆಯ ಮಾತು ಭೋರ್ಗರೆಯಿತು.

ಶಿಫಾರಸಿನ ವಿಷಯ ಅಲ್ಲೇ ತೀರ್ಮಾನವಾಯಿತು. “ಸೂಪರಿಂಟೆಂಡೆಂಟ್ ಯಾರು?” ಎಂದು ನಿರ್ದೇಶಕರು ಕೇಳಿದಾಗ ಸಾಹೇಬರು ಅಭ್ಯಾಸಬಲದಿಂದ “ನೋ…” ಎಂದವರು, ಹೆಂಡತಿಯ ಮುಖ ಕಂಡು ಅಲ್ಲಿಗೇ ನಿಲ್ಲಿಸಿದರು. ಪೆನ್ನು ತೆಗೆದು, ಶಿಫಾರಸು ಪತ್ರದಲ್ಲಿ ಅಂದ್ರಪ್ಪನವರ ಹೆಸರಿನ ಮುಂದೆ ಸಹಿ ಹಾಕಿದರು. ಯಾವ ಕಾಗದದ ಮೇಲೂ ಅವರು ಅಷ್ಟು ಬೇಗ ಸಹಿ ಹಾಕಿರಲಿಲ್ಲ. ಕೇಂದ್ರ ಕಚೇರಿಯ ಭಾಷಣಕ್ಕೆ ಮಾತ್ರ ಕರೆ ಹೋದದ್ದು ಅಂದ್ರಪ್ಪನವರ ಹೆಂಡತಿಗೆ. ಎಂಜಿನಿಯರುಗಳಿಗೆಲ್ಲ ಬೈಯಲು ತನಗೇನು ಬೇರೆ ಕೆಲಸ ಇಲ್ಲವೇ ಎಂದು ಆಕೆ ನಿರ್ದೇಶಕರಿಗೆ ಹೇಳಿದರು. ಆಯ್ತು ಅಂದರು ಅವರು.

ಮನೆಗೆ ಗಂಡಹೆಂಡತಿ ನಡೆದೇ ಹೊರಟರು. ಅಕ್ಕನ ಕೈಗೆ ಸಿಗಬಾರದೆಂದು ಭಾಮೈದ ಅಷ್ಟರಲ್ಲಿ ಮಾಯವಾಗಿದ್ದ. ಅರ್ಧ ದಾರಿಯವರೆಗೆ ಆಕೆ ಒಂದು ಮಾತೂ ಆಡಲಿಲ್ಲ. ಅಂದ್ರಪ್ಪನವರಿಗೆ ವೇದಿಕೆಯ ಮೇಲೆ ಆಗದ ಭಯ ಈಗ ಆಯಿತು.

ಔಷಧಿ ಅಂಗಡಿಯ ತಿರುವು ದಾಟಿದ ಮೇಲೆ ಆಕೆ ಮುಂದೆ ನೋಡುತ್ತಲೇ ಹೇಳಿದರು. “ಟವೆಲ್, ನಲ್ಲಿ, ಅದೆಲ್ಲ ಹೇಳಿದ್ರಲ್ಲ, ಪರವಾಗಿಲ್ಲ. ಊರಿಗೆಲ್ಲ ಗೊತ್ತಿರೋದೇ. ಆ ಕೊನೇ ಮಾತು ಯಾಕೆ ಹೇಳ್ಬೇಕಿತ್ತು?”

“ಅದೂ ನೀನು ಹೇಳಿದ್ದೇ ತಾನೆ?”

“ನಿಮಗೆ ಹೇಳಿದ್ದಲ್ಲ. ಭಾನುವಾರ ಊಟ ಆದ್ಮೇಲೆ ನೀವು ಮಲಗಿದ್ರಿ. ಆಸ್ಪತ್ರೆ ಗಾಡಿ ಬಂದಿತ್ತು ಅಂತ ಕೆಳಗಡೆಯವರು ಹೇಳಿದ್ರಲ್ಲ, ಅದೇ ತಲೇಲಿತ್ತು. ನಿಮಗೆ ನಿದ್ದೆ ಬಂದಿದೆ ಅಂತ ಸುಮ್ನೆ ಹೇಳ್ಕೊಂಡೆ. ಆ ಹಾಳು ಫೋನು ತಲೆದಿಂಬಿನ ಹತ್ರ ಇತ್ತು ಅಂತ ನನಗೇನು ಗೊತ್ತು?”

ಅಂದ್ರಪ್ಪ ಜೇಬಿನ ಫೋನು ತೆಗೆದು ಆರಿಸಿದರು.

“ನನಗೆ ನಿದ್ದೆ ಬಂದಿರ್ಲಿಲ್ಲ.”

ಆಕೆ ಅಲ್ಲೇ ನಿಂತರು. “ಎಚ್ಚರ ಇದ್ರಾ?”

“ಹೂಂ.”

“ಮತ್ತೆ ಒಂದು ಮಾತೂ ಆಡ್ಲಿಲ್ಲ?”

“ಏನು ಹೇಳೋದು ಅಂತ ಯೋಚಿಸ್ತಾ ಇದ್ದೆ.”

“ಸಿಕ್ತಾ?”

“ಇನ್ನೂ ಇಲ್ಲ.”

ಎದುರಿನಿಂದ ಒಂದು ಲಾರಿ ಹಾರನ್ ಬಾರಿಸುತ್ತ ಬರುತ್ತಿತ್ತು. ಆಕೆ ಅವರ ಅಂಗಿಯ ತೋಳು ಹಿಡಿದು ರಸ್ತೆಯ ಒಳಬದಿಗೆ ಎಳೆದುಕೊಂಡರು. “ನಿಧಾನವಾಗಿ ಯೋಚಿಸಿ, ಅವಸರ ಏನಿಲ್ಲ. ನಡು ರಸ್ತೇಲಿ ನಿಂತ್ಕೊಂಡು ಮಾತ್ರ ಯೋಚಿಸ್ಬೇಡಿ” ಎಂದರು. ಲಾರಿ ದಾಟಿಹೋದ ಮೇಲೂ ತೋಳು ಬಿಡಲಿಲ್ಲ.